ಓಲಾನಳ ಎರಡು ಮುತ್ತುಗಳು

ಪರ್ಲ್ ಬಕ್ ಬರೆದ ‘ದಿ ಗುಡ್ ಅರ್ತ್’ ಕಾದಂಬರಿಯ ನಡುಭಾಗದಲ್ಲಿ ಒಂದು ಸನ್ನಿವೇಶ ಬರುತ್ತದೆ. ಬರ, ಹಸಿವು, ಗುಳೆ ಎಲ್ಲವನ್ನೂ ದಾಟಿ ಬಂದ ರೈತ ವಾಂಗ್ ಲುಂಗ್‌ನ ಕೈಯಲ್ಲಿ ಈಗ ನಾಲ್ಕು ಕಾಸು ಓಡಾಡುತ್ತಿದೆ. ಪೇಟೆಯ ಚಹಾದ ಅಂಗಡಿಯಲ್ಲಿ ಲೋಟಸ್ ಎಂಬ ಹೆಣ್ಣನ್ನು ಕಂಡು ಮರುಳಾಗಿದ್ದಾನೆ. ಅವಳ ಮೈ ಬೆಳ್ಳಗಿದೆ, ಕಟ್ಟಿ ಬೆಳೆಸಿದ ಪಾದಗಳು ಪುಟ್ಟದಾಗಿವೆ. ಅವಳಿಗೊಂದು ಉಡುಗೊರೆ ಬೇಕು. ಆಗ ಅವನಿಗೆ ಹೆಂಡತಿ ಓಲಾನ್ ಎದೆಯಲ್ಲಿ ಬಚ್ಚಿಟ್ಟುಕೊಂಡ ಎರಡು ಮುತ್ತುಗಳು ನೆನಪಾಗುತ್ತವೆ. ದಂಗೆಯ ದಿನ ಸಿರಿವಂತರ ಮನೆಯ ಗೋಡೆಯ ಇಟ್ಟಿಗೆ ಸರಿಸಿ ಒಡವೆಗಳ ಗಂಟನ್ನು ಕಂಡುಕೊಂಡವಳು ಅವಳೇ. ಅದನ್ನೆಲ್ಲ ಮಾರಿಯೇ ಇವನು ಭೂಮಿ ಕೊಂಡದ್ದು. ಅದರಲ್ಲಿ ತನಗೆಂದು ಅವಳು ಕೇಳಿ ಇಟ್ಟುಕೊಂಡದ್ದು ಇವೆರಡೇ. ಅವಳು ಕೊಳದ ದಡದಲ್ಲಿ ಬಟ್ಟೆ ಒಗೆಯುತ್ತಿರುವಾಗ ಇವನು ಹೋಗಿ ಕೇಳುತ್ತಾನೆ. ಮುಂದೆ ಚಿಕ್ಕ ಮಗಳ ಮದುವೆಗೆ ಓಲೆ ಮಾಡಿಸೋಣ ಅಂದುಕೊಂಡಿದ್ದೆ ಎನ್ನುತ್ತಾಳೆ. ಮಣ್ಣಿನ ಬಣ್ಣದವಳಿಗೆ ಮುತ್ತು ಯಾಕೆ, ಅವು ಬಿಳಿ ಹೆಂಗಸರಿಗೆ ಒಪ್ಪುವಂಥವು ಎಂದು ಇವನು ಗದರುತ್ತಾನೆ. ಅವಳು ತೆಗೆದು ಕೊಡುತ್ತಾಳೆ. ಮತ್ತೆ ಬಟ್ಟೆಗೆ ಬಡಿಗೆ ಹಾಕುತ್ತಾಳೆ. ಕಣ್ಣೀರು ಇಳಿಯುತ್ತದೆ, ಒರೆಸಿಕೊಳ್ಳಲು ಕೈ ಎತ್ತುವುದಿಲ್ಲ. ಬಡಿತ ಮಾತ್ರ ಇನ್ನಷ್ಟು ಬಿಗಿಯಾಗುತ್ತದೆ.

ಏಷ್ಯಾದ ಜನ ಭಾವನೆ ತೋರಿಸುವುದಿಲ್ಲ, ಅವರ ಮುಖ ಓದಲು ಬರುವುದಿಲ್ಲ ಎಂಬ ಮಾತನ್ನು ಪಶ್ಚಿಮದವರು ಇನ್ನೂರು ವರ್ಷಗಳಿಂದ ಹೇಳುತ್ತ ಬಂದಿದ್ದಾರೆ. ಇತ್ತೀಚೆಗೆ ಏಷ್ಯಾದವರೇ ಅದನ್ನು ತಿರುಗಿಸಿ ಹೆಮ್ಮೆಯಿಂದ ಹೇಳುತ್ತಾರೆ: ಸಂಯಮ ನಮ್ಮ ಸಂಸ್ಕೃತಿ, ನಮ್ಮ ಸೌಂದರ್ಯ. ಈ ಎರಡೂ ಮಾತುಗಳ ಬಗ್ಗೆ ನನಗೆ ತಕರಾರಿದೆ. ಅದನ್ನು ಹೇಳಲು ಈ ಹಳೆಯ ಕಾದಂಬರಿ, ಅದರಿಂದ ಹುಟ್ಟಿದ ಚಲನಚಿತ್ರ, ಆ ಚಿತ್ರದಲ್ಲಿ ಜಾಗ ಸಿಗದ ಒಬ್ಬ ನಟಿ, ಇಷ್ಟನ್ನು ಆರಿಸಿಕೊಂಡಿದ್ದೇನೆ.

ಪುಸ್ತಕ ಪ್ರಕಟವಾದದ್ದು 1931ರಲ್ಲಿ. ಮರುವರ್ಷವೇ ಪುಲಿಟ್ಜರ್, 1938ರಲ್ಲಿ ಲೇಖಕಿಗೆ ನೊಬೆಲ್. ಪರ್ಲ್ ಬಕ್ ಅಮೆರಿಕದ ಮಿಷನರಿ ದಂಪತಿಯ ಮಗಳು, ಬೆಳೆದದ್ದು ಚೀನಾದ ಝೆನ್‌ಜಿಯಾಂಗ್ ಊರಲ್ಲಿ. ಚೀನೀ ವಿದ್ವಾಂಸ ಜಿಯಾಂಗ್ ಕಾಂಗ್‌ಹು 1933ರಲ್ಲಿ ಅಮೆರಿಕದ ಪತ್ರಿಕೆಯಲ್ಲಿ ಈ ಪುಸ್ತಕವನ್ನು ಖಂಡಿಸಿದರು. ಕೂಲಿಗಳ, ಮನೆಗೆಲಸದ ಆಯಾಗಳ ಲೋಕವನ್ನೇ ಚೀನಾ ಎಂದು ತೋರಿಸಿದ್ದಾರೆ ಎಂಬುದು ಅವರ ಆಕ್ಷೇಪದ ತಿರುಳು. ಹೊರಗಿನವರು ನಮ್ಮ ಬಗ್ಗೆ ಬರೆದಾಗ ಆಗುವ ಕಿರಿಕಿರಿ ಮುಸ್ಲಿಮ್ ಓದುಗರಿಗೆ ಹೊಸದೇನಲ್ಲ. ಆದರೆ ಈ ಪಂಡಿತರ ಸಿಟ್ಟಿನಲ್ಲಿ ಇನ್ನೊಂದು ಅಂಶವೂ ಇದೆ. ಓಲಾನಳ ಮುಖ ಲೋಕದೆದುರು ಚೀನಾದ ಮುಖವಾಗಿಬಿಟ್ಟಿತಲ್ಲ ಎಂಬ ನಾಚಿಕೆ ಅದು.

ಯಾಕೆಂದರೆ ಓಲಾನ್ ಚೆಲುವೆಯಲ್ಲ. ಹಸಿವಿನ ಕಾಲದಲ್ಲಿ ತಂದೆತಾಯಿ ಅವಳನ್ನು ದೊಡ್ಡ ಮನೆಯೊಂದಕ್ಕೆ ಗುಲಾಮಳಾಗಿ ಮಾರಿದ್ದರು. ಚೌಕ ಮುಖ, ಅಗಲ ಮೂಗು, ಸಣ್ಣ ಕಣ್ಣು. ಮಾರಿದ ಹುಡುಗಿಯ ಪಾದ ಯಾರು ಕಟ್ಟುತ್ತಾರೆ? ಹಾಗಾಗಿ ದೊಡ್ಡ ಪಾದ. ಕರೆದುಕೊಂಡು ಬರಲು ಹೋದ ದಿನ ವಾಂಗ್ ಲುಂಗ್‌ಗೆ ಸಮಾಧಾನವಾದದ್ದು ಸಿಡುಬಿನ ಕಲೆ ಇಲ್ಲ, ಸೀಳುತುಟಿ ಇಲ್ಲ ಎಂಬುದಕ್ಕೆ, ಬೇಸರವಾದದ್ದು ಪಾದಕ್ಕೆ. ಕಾದಂಬರಿಯಲ್ಲಿ ಅವಳ ಮಾತು ಬಹಳ ಕಡಿಮೆ. ಹೆರಿಗೆಗೂ ಯಾರನ್ನೂ ಒಳಗೆ ಕರೆಯುವುದಿಲ್ಲ. ಇವಳಿಗೆ ಒಳಗೇನೂ ಇಲ್ಲ ಎಂದು ಗಂಡ ತಿಳಿಯುತ್ತಾನೆ. ಓದುವ ನಾವೂ ಬಹಳ ಹೊತ್ತು ಹಾಗೆಯೇ ತಿಳಿಯುತ್ತೇವೆ. ಕೊಳದ ದಡದ ಆ ಕಣ್ಣೀರು ಬಂದಾಗ ಮಾತ್ರ, ಇಷ್ಟು ಪುಟಗಳಲ್ಲಿ ಇವಳನ್ನು ಒಬ್ಬರೂ ಏನೂ ಕೇಳಲಿಲ್ಲವಲ್ಲ ಎಂದು ಹೊಳೆಯುತ್ತದೆ. ಅವಳ ಮೌನ ಚೀನಾದ ಗುಣವಾಗಿದ್ದರೆ ಅದು ಆ ಮನೆಯ ಎಲ್ಲರಲ್ಲೂ ಇರಬೇಕಿತ್ತು. ಗಂಡ ಬೇಕಾದಾಗ ಕೂಗಾಡುತ್ತಾನೆ, ಮಾವ ಗೊಣಗುತ್ತಾನೆ, ಚಿಕ್ಕಪ್ಪನ ಹೆಂಡತಿಯ ಬಾಯಿಗಂತೂ ಬೀಗವೇ ಇಲ್ಲ. ಲೋಟಸ್‌ಗೆ ಸಿಟ್ಟು ಬಂದರೆ ಅಂಗಳಕ್ಕೆಲ್ಲ ಕೇಳುತ್ತದೆ. ಚೆಲುವಿದ್ದವಳಿಗೆ ಸಿಟ್ಟೂ ಒಂದು ಒಡವೆ. ಓಲಾನ್‌ಗೆ ಅದೂ ಇಲ್ಲ.

ಎಂಜಿಎಂ ಕಂಪನಿ ಇದನ್ನು ಚಲನಚಿತ್ರ ಮಾಡಿತು. ಸಿಡ್ನಿ ಫ್ರ್ಯಾಂಕ್ಲಿನ್ ನಿರ್ದೇಶನದ ಆ ಚಿತ್ರ 1937ರಲ್ಲಿ ತೆರೆಗೆ ಬಂತು. ಓಲಾನ್ ಪಾತ್ರ ಮಾಡಿದ ಲೂಯಿಸ್ ರೈನರ್ ಜರ್ಮನಿಯಲ್ಲಿ ಹುಟ್ಟಿ ವಿಯೆನ್ನಾದಲ್ಲಿ ಬೆಳೆದವಳು. ಲೋಟಸ್ ಆದ ಟಿಲ್ಲಿ ಲಾಶ್ ವಿಯೆನ್ನಾದ ನರ್ತಕಿ. ವಾಂಗ್ ಲುಂಗ್ ಆದ ಪಾಲ್ ಮುನಿ ಹುಟ್ಟಿದ್ದು ಅದೇ ಆಸ್ಟ್ರಿಯಾ ಸಾಮ್ರಾಜ್ಯದ ಲೆಂಬರ್ಗ್‌ನಲ್ಲಿ. ಹಿರಿಮಗನ ಪಾತ್ರ ಮಾತ್ರ ಚೀನಾದಲ್ಲಿ ಹುಟ್ಟಿದ ಕೀ ಲ್ಯೂಕ್‌ನದು! ಅಪ್ಪ ಅಮ್ಮ ಮೇಕಪ್ಪಿನ ಚೀನೀಯರು, ಮಗ ನಿಜವಾದ ಚೀನೀಯ. ಹೇಗೆ ಹುಟ್ಟಿದನೋ ಎಂದು ಯಾರೂ ಕೇಳಿದಂತಿಲ್ಲ. ರೈನರ್‌ಗೆ ಅತ್ಯುತ್ತಮ ನಟಿ ಆಸ್ಕರ್ ಬಂತು. ನಟನೆ ಕೆಟ್ಟದ್ದೇನಲ್ಲ, ಬಾಯಿ ಬಿಡದೆ ಕಣ್ಣಿನಲ್ಲೇ ಬಹಳಷ್ಟನ್ನು ಹೇಳುತ್ತಾಳೆ. ಆದರೆ ತಲೆ ತಗ್ಗಿಸಿ, ಕಣ್ಣು ಎತ್ತಿ, ಬಾಯಿ ಅರೆತೆರೆದು ನಿಲ್ಲುವ ಆ ಭಂಗಿಯನ್ನು ಎರಡು ಗಂಟೆ ನೋಡಿದರೆ, ಇದು ನೋವನ್ನು ನುಂಗಿದ ಹೆಂಗಸಿನ ಮುಖವೋ, ಏಷ್ಯಾದ ಹೆಂಗಸು ಹೀಗಿರಬೇಕೆಂದು ಕಲ್ಪಿಸಿಕೊಂಡವರ ಮುಖವೋ ಎಂಬ ಅನುಮಾನ ಬರುತ್ತದೆ.

ಆಗ ಹಾಲಿವುಡ್ಡಿನಲ್ಲಿ ಚೀನೀ ಮೂಲದ ದೊಡ್ಡ ನಟಿಯೊಬ್ಬಳಿದ್ದಳು, ಆನಾ ಮೇ ವಾಂಗ್. 1905ರಲ್ಲಿ ಲಾಸ್ ಏಂಜಲಿಸ್‌ನಲ್ಲೇ ಹುಟ್ಟಿದವಳು, ಲಾಂಡ್ರಿ ನಡೆಸುವವನ ಮಗಳು. ಬಟ್ಟೆ ಒಗೆಯುವ ಕಲ್ಲಿನ ಮುಂದೆ ಕೂರುವ ಪಾತ್ರಕ್ಕೆ ಇವಳಿಗಿಂತ ಹತ್ತಿರದವರು ಆ ಊರಲ್ಲಿ ಇರಲಿಲ್ಲ. ಹದಿನೇಳನೆಯ ವಯಸ್ಸಿಗೆ ‘ದಿ ಟೋಲ್ ಆಫ್ ದಿ ಸೀ’ (1922) ಚಿತ್ರದ ನಾಯಕಿಯಾಗಿದ್ದಳು. ಬಿಳಿಯನನ್ನು ಪ್ರೀತಿಸಿ, ಅವನು ಬಿಟ್ಟುಹೋದ ಮೇಲೆ ಮಗುವನ್ನೂ ಅವನಿಗೇ ಕೊಟ್ಟು ಸಮುದ್ರಕ್ಕೆ ಬೀಳುವ ಪಾತ್ರ. ಮುಂದೆ ಅವಳಿಗೆ ಸಿಕ್ಕಿದವೂ ಹೆಚ್ಚಾಗಿ ಎರಡೇ ಬಗೆ. ಒಂದೋ ಮೋಸಹೋಗಿ ಸಾಯುವ ಮುಗ್ಧೆ, ಇಲ್ಲವೇ ಸಂಚು ಮಾಡಿ ಸಾಯುವ ಮಾಯಾವಿನಿ. ಹೇಗಿದ್ದರೂ ಕೊನೆಯ ರೀಲಿನಲ್ಲಿ ಸಾಯಬೇಕು.

ಓಲಾನ್ ಪಾತ್ರ ತನಗೆ ಬರಬೇಕೆಂದು ಅವಳು ಬಯಸಿದ್ದಳು. ಆದರೆ ಗಂಡನ ಪಾತ್ರಕ್ಕೆ ಬಿಳಿಯನಾದ ಮುನಿ ನಿಶ್ಚಯವಾಗಿದ್ದ. ಬೇರೆ ಬೇರೆ ಜನಾಂಗದವರ ದಾಂಪತ್ಯ ತೆರೆಯ ಮೇಲೆ ಬರಬಾರದೆಂದು ಸ್ಟುಡಿಯೊಗಳು ಪಾಲಿಸುತ್ತಿದ್ದ ಕಟ್ಟಳೆ ಅಡ್ಡ ಬಂತು. ಹೊರಗಿನ ಬದುಕಿನಲ್ಲೂ ಹಾಗೆಯೇ, ಕ್ಯಾಲಿಫೋರ್ನಿಯಾದಲ್ಲಿ ಬಿಳಿಯರು ಚೀನೀಯರನ್ನು ಮದುವೆಯಾಗಲು 1948ರವರೆಗೆ ಕಾನೂನು ಬಿಡಲಿಲ್ಲ. ಲೋಟಸ್ ಪಾತ್ರಕ್ಕೆ ಅವಳನ್ನು ಪರೀಕ್ಷಿಸಿದರು. ಆ ಪರೀಕ್ಷೆಯ ಬಗ್ಗೆ ಸ್ಟುಡಿಯೊದವರು ಬರೆದಿಟ್ಟ ಟಿಪ್ಪಣಿ ಉಳಿದಿದೆ. ವಾಂಗ್ ಲುಂಗ್ ಮರುಳಾಗುತ್ತಾನೆ ಎಂದರೆ ನಂಬುವಷ್ಟು ಚೆಲುವು ಇವಳಿಗಿಲ್ಲ ಎಂಬುದು ಅದರ ಸಾರಾಂಶ. ಚೀನೀ ರೈತನೊಬ್ಬ ಮೋಹಗೊಳ್ಳಲು ಚೀನೀ ಹೆಣ್ಣು ಸಾಲದು, ವಿಯೆನ್ನಾದವಳು ಬೇಕು! ಇಡೀ ಚಿತ್ರದಲ್ಲಿ ಕೆಟ್ಟ ಹೆಂಗಸಿನ ಪಾತ್ರಕ್ಕೆ ಮಾತ್ರ ಚೀನೀ ರಕ್ತದವಳು ಬೇಕೇ ಎಂದು ಆನಾ ಮೇ ಕೂಡ ಅದನ್ನು ಬೇಡವೆಂದಳು. 1936ರಲ್ಲಿ ಚೀನಾಕ್ಕೆ ಹೊರಟಳು. ಅಲ್ಲಿನ ಪತ್ರಕರ್ತರು, ನಮ್ಮ ಹೆಣ್ಣುಮಕ್ಕಳ ಮಾನ ಕಳೆಯುವ ಪಾತ್ರಗಳನ್ನು ಯಾಕೆ ಒಪ್ಪಿಕೊಂಡೆ ಎಂದು ಕೇಳಿದರು. ಇಲ್ಲಿ ತೀರಾ ಚೀನೀ, ಅಲ್ಲಿ ತೀರಾ ಅಮೆರಿಕನ್. ಅವಳು 1961ರಲ್ಲಿ ತೀರಿಕೊಂಡಳು. 2022ರಲ್ಲಿ ಅಮೆರಿಕ ಸರ್ಕಾರ ಇಪ್ಪತ್ತೈದು ಸೆಂಟಿನ ನಾಣ್ಯದ ಮೇಲೆ ಅವಳ ಮುಖ ಅಚ್ಚುಹಾಕಿತು.

ಚೆಲುವು ಬೇರೆ, ಭಾವನೆ ಬೇರೆ ಎಂದು ನಾವು ಅಂದುಕೊಳ್ಳುತ್ತೇವೆ. ಮುಖದ ಮೇಲೆ ಅಧಿಕಾರ ಕೈ ಇಟ್ಟಾಗ ಎರಡೂ ಒಂದೇ ಆಗುತ್ತವೆ. ಕೊರಿಯಾ ಯುದ್ಧ 1953ರಲ್ಲಿ ನಿಂತ ಮೇಲೆ ಅಲ್ಲಿಗೆ ಹೋದ ಅಮೆರಿಕನ್ ಸೇನೆಯ ಪ್ಲಾಸ್ಟಿಕ್ ಸರ್ಜನ್ ರಾಲ್ಫ್ ಮಿಲಾರ್ಡ್ ಕೊರಿಯನ್ನರ ಕಣ್ರೆಪ್ಪೆಗೆ ಮಡಿಕೆ ಮೂಡಿಸುವ ಶಸ್ತ್ರಚಿಕಿತ್ಸೆ ಮಾಡಿದರು. 1955ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಅದರ ಬಗ್ಗೆ ಬರೆದರು. ಅವರ ಬಳಿ ಬಂದವರಲ್ಲಿ ಒಬ್ಬ ದುಭಾಷಿ, ಒಳ್ಳೆಯ ಇಂಗ್ಲಿಷ್ ಬಲ್ಲವನು. ಅವನ ತೊಂದರೆಯೇನೆಂದರೆ, ಅವನ ಕಿರಿದಾದ ಕಣ್ಣು ನೋಡಿದ ಅಮೆರಿಕನ್ನರಿಗೆ ಅವನು ಒಳಗೊಳಗೆ ಏನು ಯೋಚಿಸುತ್ತಿದ್ದಾನೆಂದು ತಿಳಿಯುತ್ತಿರಲಿಲ್ಲ, ಹಾಗಾಗಿ ನಂಬುತ್ತಿರಲಿಲ್ಲ. ವೈದ್ಯರು ಅವನ ಕಣ್ಣು ಅಗಲ ಮಾಡಿಕೊಟ್ಟರು. ಅವರ ಭಾಷೆಯನ್ನು ಕಲಿತು, ಅವರ ಮಾತನ್ನು ತನ್ನ ಜನಕ್ಕೂ ತನ್ನ ಜನರ ಮಾತನ್ನು ಅವರಿಗೂ ಮುಟ್ಟಿಸುತ್ತಿದ್ದವನಿಗೇ ಈ ಗತಿ. ಭಾಷೆ ಕಲಿತದ್ದು ಸಾಲಲಿಲ್ಲ, ರೆಪ್ಪೆಯನ್ನೂ ಅನುವಾದ ಮಾಡಿಸಿಕೊಳ್ಳಬೇಕಾಯಿತು.

ಇಷ್ಟು ಹೇಳಿ ಎಲ್ಲ ತಪ್ಪನ್ನೂ ಅಮೆರಿಕದ ತಲೆಗೆ ಕಟ್ಟುವುದು ಸುಲಭ. ಆದರೆ ರೆಪ್ಪೆಯ ಶಸ್ತ್ರಚಿಕಿತ್ಸೆಯನ್ನು ಜಪಾನಿನ ವೈದ್ಯ ಮಿಕಾಮೊ 1896ರಲ್ಲೇ ವರದಿ ಮಾಡಿದ್ದರು. ಮಡಿಕೆಯಿರುವ ರೆಪ್ಪೆ ಚೀನಾ, ಜಪಾನ್, ಕೊರಿಯಾಗಳಲ್ಲಿ ಎಷ್ಟೋ ಜನರಿಗೆ ಹುಟ್ಟಿನಿಂದಲೇ ಇದೆ, ನಾವು ಬಿಳಿಯರನ್ನು ಅನುಕರಿಸುತ್ತಿಲ್ಲ ಎಂದು ಸೋಲ್ ನಗರದ ಹುಡುಗಿಯರು ಹೇಳಿದರೆ ಅದೂ ಸುಳ್ಳಲ್ಲ. ಪಾದ ಕಟ್ಟುವುದನ್ನು ಚೀನಾಕ್ಕೆ ಯಾವ ಬಿಳಿಯನೂ ಕಲಿಸಲಿಲ್ಲ. ಮುತ್ತು ಬಿಳಿ ಹೆಂಗಸರಿಗೆ ಎಂದ ವಾಂಗ್ ಲುಂಗ್ ಹಾಲಿವುಡ್ ಸಿನಿಮಾ ನೋಡಿದವನಲ್ಲ. ‘ಫೇರ್ ಅಂಡ್ ಲವ್ಲಿ’ ನಮ್ಮಲ್ಲಿ 1975ರಲ್ಲಿ ಬಂತು, 2020ರಲ್ಲಿ ಹೆಸರಿನಿಂದ ‘ಫೇರ್’ ಅಳಿಸಿಕೊಂಡಿತು. ಹೆಣ್ಣು ನೋಡಲು ಹೋದವರು ಬಣ್ಣ ಕೇಳುವ ಅಭ್ಯಾಸ ಅದಕ್ಕಿಂತ ಹಳೆಯದು, ಅಳಿದೂ ಇಲ್ಲ.

ಅಳತೆಗೋಲು ಶಾಶ್ವತವೇನಲ್ಲ. ಉರ್ದು ಓದಿದವರಿಗೆ ಇದಕ್ಕೊಂದು ಸಾಕ್ಷಿ ಮನೆಯಲ್ಲೇ ಇದೆ. ಹಳೆಯ ಪಾರಸಿ ಕಾವ್ಯದಲ್ಲಿ ಪ್ರಿಯ ವ್ಯಕ್ತಿಯೆಂದರೆ ‘ತುರ್ಕ್’. ಮಧ್ಯ ಏಷ್ಯಾದಿಂದ ಬಂದ, ಹುಣ್ಣಿಮೆಯಂಥ ದುಂಡು ಮುಖದ, ಮೊಗ್ಗಿನಂಥ ಬಾಯಿಯ, ಕಿರಿದಾದ ಕಣ್ಣಿನ ಚೆಲುವು. ಖೋತನ್, ಚಿಗಿಲ್, ಚೀನ್ ಎಂಬ ಹೆಸರುಗಳು ಚೆಲುವಿನ ಊರುಗಳಾಗಿ ಅಲ್ಲಿ ಮತ್ತೆ ಮತ್ತೆ ಬರುತ್ತವೆ. ಮಂಗೋಲರ ನಂತರದ ಇರಾನಿ ಕಿರುಚಿತ್ರಗಳಲ್ಲಿ ಲೈಲಾಳೂ ಶೀರೀನಳೂ ಅದೇ ಮುಖದವರು. ಅಂದರೆ ಆ ಕಣ್ಣನ್ನು ಕಂಡು ಕವಿಗಳು ನಿಟ್ಟುಸಿರಿಟ್ಟ ಕಾಲವೊಂದಿತ್ತು. ಆಗ ಕುದುರೆಯ ಮೇಲೆ ಕೂತು ಆಳುತ್ತಿದ್ದವರು ಅವರೇ ಎಂಬುದನ್ನೂ ಮರೆಯಬಾರದು. ನಮ್ಮವರೆಗೆ ಬರುವಾಗ ಚಂದ್ರನಂಥ ಮುಖ ಉಳಿಯಿತು, ಕಣ್ಣು ಬಿದ್ದುಹೋಯಿತು. ‘ತಂಗ್ ಚಶ್ಮ್’ ಎಂಬ ಪದಕ್ಕೆ ಉರ್ದು ನಿಘಂಟು ತೆಗೆದು ನೋಡಿ. ಕಿರಿಗಣ್ಣಿನ ಚೆಲುವು ಸಿಗುವುದಿಲ್ಲ, ‘ಜಿಪುಣ’ ಎಂಬ ಅರ್ಥ ಸಿಗುತ್ತದೆ.

ಅದೇ ಕಣ್ಣು ಬೆಂಗಳೂರಿನ ರಸ್ತೆಯಲ್ಲಿ ಬೈಗುಳಕ್ಕೆ ಗುರಿಯಾಗುತ್ತದೆ. ಈಶಾನ್ಯ ರಾಜ್ಯಗಳಿಂದ ದುಡಿಯಲು, ಓದಲು ಬಂದ ಹುಡುಗ ಹುಡುಗಿಯರನ್ನು ಕರೆಯುವ ಆ ಪದವನ್ನು ಇಲ್ಲಿ ಬರೆಯುವುದಿಲ್ಲ. 2012ರ ಆಗಸ್ಟ್‌ನಲ್ಲಿ, ಅಸ್ಸಾಮಿನ ಗಲಭೆಗೆ ಪ್ರತಿಯಾಗಿ ರಂಜಾನ್ ಹಬ್ಬದ ನಂತರ ಮುಸ್ಲಿಮರು ಇವರ ಮೇಲೆ ಬೀಳುತ್ತಾರೆ ಎಂಬ ವದಂತಿ ಹಬ್ಬಿ, ಸಾವಿರಾರು ಜನ ಬೆಂಗಳೂರಿನಿಂದ ಗುವಾಹಟಿ ರೈಲು ಹತ್ತಿದರು. ಕಣ್ಣಿನಿಂದ ಗುರುತು ಸಿಗುವವರನ್ನು ಟೋಪಿ ಗಡ್ಡದಿಂದ ಗುರುತು ಸಿಗುವವರ ಹೆಸರು ಹೇಳಿ ಹೆದರಿಸಲಾಗಿತ್ತು. ಮುಖ ಓದಲು ಬಾರದ ನಗರದಲ್ಲಿ ವದಂತಿಗೆ ಹೆಚ್ಚು ಕೆಲಸ ಇರುವುದಿಲ್ಲ.

ಇನ್ನು ಸಂಯಮದ ಮಾತು. ಇದಕ್ಕೆ ಎಲ್ಲರೂ ತೋರಿಸುವ ಉದಾಹರಣೆ ಜಪಾನಿನ ನಿರ್ದೇಶಕ ಯಸುಜಿರೊ ಒಜು, ಅವರ ನಟಿ ಸೆತ್ಸುಕೊ ಹಾರಾ. ಈ ಹಾರಾಳ ಕತೆಯೂ 1937ಕ್ಕೆ ತಾಗುತ್ತದೆ. ಹಾಲಿವುಡ್ಡಿನ ‘ಒಳ್ಳೆಯ ನೆಲ’ ಬಂದ ವರ್ಷವೇ ಜರ್ಮನಿಯ ಆರ್ನಾಲ್ಡ್ ಫ್ಯಾಂಕ್ ಜಪಾನಿನಲ್ಲಿ ತೆಗೆದ ಚಿತ್ರವೊಂದು ಬಂತು. ಅದರ ಜಪಾನಿ ಹೆಸರಿನ ಅರ್ಥ ‘ಹೊಸ ನೆಲ’. ಅದರಲ್ಲಿ ಇನ್ನೂ ಹದಿಹರೆಯದ ಹಾರಾ, ಮದುವೆ ನಿಶ್ಚಯವಾದವನು ತನ್ನನ್ನು ಒಲ್ಲೆನೆಂದಾಗ ಮದುವೆಯ ಕಿಮೋನೊ ಹಿಡಿದು ಜ್ವಾಲಾಮುಖಿ ಹತ್ತುವ ಹುಡುಗಿ. ಮಾತಿಲ್ಲದೆ ಸಾಯಲು ಹೊರಡುವ ಪೂರ್ವದ ಹೆಣ್ಣು ಬರ್ಲಿನ್‌ಗೂ ಬೇಕಿತ್ತು, ಹಾಲಿವುಡ್ಡಿಗೂ ಬೇಕಿತ್ತು.

ಹನ್ನೆರಡು ವರ್ಷದ ನಂತರ ಅದೇ ಮುಖವನ್ನು ಒಜು ‘ಲೇಟ್ ಸ್ಪ್ರಿಂಗ್’ (1949) ಚಿತ್ರದಲ್ಲಿ ಬಳಸಿದ ಬಗೆ ನೋಡಬೇಕು. ವಿಧುರ ತಂದೆಯನ್ನು ಬಿಟ್ಟು ಮದುವೆಯಾಗಲು ಒಪ್ಪದ ಮಗಳು. ತಂದೆಯ ಜೊತೆ ನೋ ನಾಟಕ ನೋಡುತ್ತ ಕೂತಿದ್ದಾಳೆ. ತಂದೆ ಆಚೆ ಬದಿಯಲ್ಲಿ ಕೂತ ವಿಧವೆಯೊಬ್ಬಳಿಗೆ ತಲೆಬಾಗಿ ವಂದಿಸುತ್ತಾನೆ. ಅಪ್ಪ ಮರುಮದುವೆಯಾಗುತ್ತಾನೆಂದು ಮಗಳಿಗೆ ಅನಿಸುತ್ತದೆ. ರಂಗದ ಮೇಲೆ ಹಾಡು ಸಾಗುತ್ತಲೇ ಇದೆ. ಅವಳ ನಗು ಸ್ವಲ್ಪ ಸ್ವಲ್ಪವೇ ಇಳಿದು, ಮುಖ ಕಪ್ಪಿಟ್ಟು, ತಲೆ ಬಾಗುತ್ತದೆ. ಒಂದು ಮಾತಿಲ್ಲ. ಆದರೆ ಇಲ್ಲಿ ಮುಚ್ಚಿಟ್ಟದ್ದೇನು? ಹೊಟ್ಟೆಕಿಚ್ಚು, ಸಿಟ್ಟು, ಅನಾಥಪ್ರಜ್ಞೆ ಎಲ್ಲ ಅವಳ ಮುಖದಲ್ಲಿ ಬಂದುಹೋಗುತ್ತದೆ. ಕ್ಯಾಮೆರಾ ಅವಸರ ಮಾಡದೆ ಕಾದದ್ದರಿಂದ ಅದು ನಮಗೆ ಕಾಣಿಸಿತು. ಇದೇ ಚಿತ್ರದ ಕೊನೆಯಲ್ಲಿ ಒಂಟಿ ತಂದೆ ಸೇಬು ಸುಲಿಯುತ್ತ ತಲೆ ತಗ್ಗಿಸುವ ಪ್ರಸಿದ್ಧ ದೃಶ್ಯವಿದೆ. ಅಲ್ಲಿ ಗಟ್ಟಿಯಾಗಿ ಅಳಬೇಕೆಂದು ಒಜು ಹೇಳಿದ್ದರಂತೆ, ನನ್ನಿಂದಾಗದು ಎಂದವನು ನಟ ಚಿಶು ರ್ಯೂ. ಜಪಾನೀ ಸಂಯಮದ ಶಿಖರ ಎಂದು ನಾವೆಲ್ಲ ಹೊಗಳುವ ಆ ಚಿತ್ರಿಕೆ ಒಬ್ಬ ನಟನ ಸಂಕೋಚದಿಂದ ಹುಟ್ಟಿದ್ದು.

ಹಾರಾಳ ಅಗಲ ಕಣ್ಣು, ನೀಳ ಮೂಗು ಯುರೋಪಿನವರಂತಿವೆ ಎಂದು ಜಪಾನಿನಲ್ಲೇ ಮಾತಿತ್ತು. ‘ಶುದ್ಧ ಜಪಾನೀ ಹೆಣ್ತನ’ದ ಪ್ರತಿಮೆಯಾದ ಮುಖದ ಮೇಲೂ ಹೊರಗಿನ ನೆರಳು ಬಿದ್ದೇ ಇತ್ತು.

ಸಂಯಮವನ್ನು ಏಷ್ಯಾದ ಆಸ್ತಿ ಎನ್ನುವವರು ಈ ಖಂಡದ ಅರ್ಧ ಭಾಗವನ್ನು ನೋಡಿಲ್ಲ. ಲಖನೌದಲ್ಲಿ ಅನೀಸ್, ದಬೀರ್ ಮರ್ಸಿಯಾ ಓದಿದರೆ ಸಭೆ ಎದೆ ಬಡಿದುಕೊಂಡು ಅಳುತ್ತಿತ್ತು. ಅಲ್ಲಿ ಅಳುವುದು ಪುಣ್ಯ, ಅಳಿಸುವುದು ಕಾವ್ಯದ ಯೋಗ್ಯತೆ. ನಮ್ಮ ಉತ್ತರ ಕರ್ನಾಟಕದ ಮೊಹರಮ್ಮಿನಲ್ಲಿ ಕರ್ಬಲಾದ ದುಃಖವನ್ನು ಹಿಂದೂ ಮುಸ್ಲಿಮರಿಬ್ಬರೂ ರಿವಾಯತ್ ಪದಗಳಲ್ಲಿ ಕನ್ನಡದಲ್ಲೇ ಹಾಡುತ್ತಾರೆ. ಭರತನ ನಾಟ್ಯಶಾಸ್ತ್ರ ಕಣ್ಣೀರು, ಬೆವರು, ರೋಮಾಂಚಗಳನ್ನು ಸಾತ್ವಿಕ ಭಾವಗಳೆಂದು ಎಣಿಸಿ ಕೊಟ್ಟಿದೆ. ಇವೂ ಏಷ್ಯಾವೇ.

ಹಾಗಿದ್ದೂ ನಮ್ಮ ಮನೆಗಳಲ್ಲಿ ಹೆಣ್ಣುಮಗುವಿಗೆ ಬೇಗ ಕಲಿಸುವ ಪದ ‘ಸಬರ್’. ಸಬರ್ ದೊಡ್ಡ ಗುಣ, ಗಂಡು ಹೆಣ್ಣು ಭೇದವಿಲ್ಲದೆ ಎಲ್ಲ ವಿಶ್ವಾಸಿಗಳಿಗೂ ಹೇಳಿದ ಗುಣ. ಅಡುಗೆಮನೆಗೆ ಬರುವ ಹೊತ್ತಿಗೆ ಅದು ಸೊಸೆಯ ಪಾಲಿಗೆ ಮಾತ್ರ ಉಳಿಯುತ್ತದೆ. ಬಾನು ಮುಷ್ತಾಕರ ‘ಕರಿ ನಾಗರಗಳು’ ಕತೆಯ ಅಶ್ರಫ್ ಮಗುವನ್ನು ಎತ್ತಿಕೊಂಡು ಮಸೀದಿಯ ಬಾಗಿಲಿಗೆ ಹೋಗಿ ಕೂರುವುದು ಆ ಸಬರ್ ಮುಗಿದ ಕಡೆ. ಕೊನೆಯಲ್ಲಿ ಮುತವಲ್ಲಿಯ ಮೇಲೆ ಬೀಳುವ ಹೆಂಗಸರ ಶಾಪದಲ್ಲಿ ‘ಪೂರ್ವದ ಸಂಯಮ’ವನ್ನು ಯಾರಾದರೂ ಹುಡುಕಿಕೊಳ್ಳಲಿ.

ಹಾಲಿವುಡ್ ಚಿತ್ರಕ್ಕೂ ಪರ್ಲ್ ಬಕ್ಕರ ಕಾದಂಬರಿಗೂ ಇರುವ ದೊಡ್ಡ ಅಂತರ ಇಲ್ಲಿಯೇ. ಚಿತ್ರದಲ್ಲಿ ವಾಂಗ್ ಲುಂಗ್ ಪಶ್ಚಾತ್ತಾಪಪಟ್ಟು, ಸಾಯುತ್ತಿರುವ ಓಲಾನಳ ಕೈಗೆ ಮುತ್ತುಗಳನ್ನು ವಾಪಸು ಕೊಡುತ್ತಾನೆ. ಅವಳು ತೀರಿಕೊಂಡ ಮೇಲೆ ಹೊರಗೆ ಬಂದು, ಅವಳು ನೆಟ್ಟ ಮರದ ಬಳಿ ನಿಂತು, ಅವಳನ್ನು ಭೂಮಿಯೆಂದು ಕರೆಯುತ್ತಾನೆ. ಜನ ಕಣ್ಣೊರೆಸಿಕೊಂಡು ಮನೆಗೆ ಹೋದರು. ಹೆಣ್ಣನ್ನು ಭೂಮಿಗೆ ಹೋಲಿಸಿ ಕೈತೊಳೆದುಕೊಳ್ಳುವುದು ನಮ್ಮಲ್ಲೂ ಹಳೆಯ ಚಾಳಿ. ಕಾದಂಬರಿಯಲ್ಲಿ ಮುತ್ತು ವಾಪಸು ಬರುವುದಿಲ್ಲ. ಅವಳನ್ನು ಮಣ್ಣು ಮಾಡಿ ಬರುವಾಗ, ತೆಗೆದುಕೊಳ್ಳಬಾರದಿತ್ತು ಎಂದು ಅವನಿಗೆ ಅನಿಸುತ್ತದೆ, ಅಷ್ಟೇ.

ಆ ಮುತ್ತಿನ ಸನ್ನಿವೇಶಕ್ಕಿಂತಲೂ ನನ್ನನ್ನು ಕಾಡುವ ಇನ್ನೊಂದು ಪುಟವಿದೆ. ದೊಡ್ಡ ಪಾದವೆಂದು ಗಂಡ ಹಿಂದೊಮ್ಮೆ ಹಂಗಿಸಿದಾಗ ಓಲಾನ್ ಪಾದಗಳನ್ನು ಬೆಂಚಿನ ಕೆಳಗೆ ಎಳೆದುಕೊಂಡು, ಕಿರಿಮಗಳ ಪಾದವನ್ನು ಕಟ್ಟುತ್ತೇನೆ ಎಂದಿದ್ದಳು. ಕಟ್ಟಿದಳು. ಒಂದು ದಿನ ವಾಂಗ್ ಲುಂಗ್ ಆ ಮಗುವಿನ ಮುಖ ನೋಡಿ ಅತ್ತಿದ್ದೀಯಾ ಎಂದು ಕೇಳುತ್ತಾನೆ. ಅಮ್ಮ ದಿನದಿನಕ್ಕೂ ಬಟ್ಟೆ ಬಿಗಿಯುತ್ತಾಳೆ, ರಾತ್ರಿ ನಿದ್ದೆ ಬರುವುದಿಲ್ಲ ಎನ್ನುತ್ತದೆ ಮಗು. ನೀನು ಅತ್ತದ್ದು ನನಗೆ ಕೇಳಿಸಲೇ ಇಲ್ಲವಲ್ಲ ಎನ್ನುತ್ತಾನೆ. ಗಟ್ಟಿಯಾಗಿ ಅಳಬೇಡ ಎಂದಿದ್ದಾಳೆ ಅಮ್ಮ. ಅಪ್ಪನದು ಮೃದು ಮನಸ್ಸು, ನೋವು ನೋಡಲಾರ, ಕೇಳಿಸಿದರೆ ಬಿಚ್ಚಿಸಿಬಿಡುತ್ತಾನೆ. ಆಗ, ಅಪ್ಪ ನನ್ನನ್ನು ಪ್ರೀತಿಸದ ಹಾಗೆ ನಿನ್ನ ಗಂಡನೂ ನಿನ್ನನ್ನು ಪ್ರೀತಿಸುವುದಿಲ್ಲ ಎಂದಳು. ಮಗು ಇದನ್ನು ಪಾಠ ಒಪ್ಪಿಸುವಂತೆ ಹೇಳುತ್ತದೆ. ಅದುವರೆಗೆ ಒಂದು ದೂರನ್ನೂ ಹೇಳದ ಓಲಾನ್ ಎಲ್ಲವನ್ನೂ ತಿಳಿದಿದ್ದಳು, ತಿಳಿದುದನ್ನು ಮಗಳ ಕಾಲಿಗೆ ಸುತ್ತುತ್ತಿದ್ದಳು. ಚಾಕು ಹಾಕಿದಂತಾದ ವಾಂಗ್ ಲುಂಗ್ ಬಟ್ಟೆ ಬಿಚ್ಚಿಸುವುದಿಲ್ಲ. ನಿನಗೊಬ್ಬ ಚೆಂದದ ಗಂಡು ನೋಡಿದ್ದೇನೆ ಎಂದು ಅವಸರದಲ್ಲಿ ಮಾತು ತಿರುಗಿಸುತ್ತಾನೆ.